ಓದುಗರ ಪ್ರಶ್ನೆ: ಎಲ್‌ಎಂಜಿ ಮತ್ತು ಅದರ ರೌಂಡು

ಪ್ರಶ್ನೆ: ನನ್ನ ಅಜ್ಜ ಎರಡನೆಯ ಮಹಾಯುದ್ಧದ ಕಾಲಕ್ಕೆ ಬೆಳಗಾವಿಯ ಮರಾಠಾ ಸೆಂಟರಿನಲ್ಲಿ ತರಬೇತಿ ಪಡೆದು ಬ್ರೆನ್ ಗನ್ ಎಂಬ ಎಲ್‌ಎಂಜಿ (ಲೈಟ್ ಮೆಷಿನ್ ಗನ್) ಹಿಡಿದವರು. ತೋಟೆ ತುಂಬುವ ಅದರ ಮ್ಯಾಗಜಿನ್ನಿನಲ್ಲಿ 30 ರೌಂಡು (ತೋಟೆ) ಹಿಡಿಸುತ್ತಿದ್ದರೂ 28ನ್ನೇ ತುಂಬಬೇಕೆಂದು ಉಸ್ತಾದರು ಗದರುತ್ತಿದ್ದರಂತೆ. ಆ ಎರಡು ರೌಂಡು ಬಿಡುತ್ತಿದ್ದುದೇಕೆ? ಚಿತ್ರಗಳಲ್ಲಿ ಆ ಮ್ಯಾಗಜಿನ್ ಬಾಗಿರುವುದೇಕೆ?
– ನಿವೃತ್ತ ಶಿಕ್ಷಕಿ, ಬೈಲಹೊಂಗಲ

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರವಿರುವುದು ಬಂದೂಕಿನಲ್ಲಲ್ಲ, ರೌಂಡಿನ ಬುಡದಲ್ಲಿ. ನಮ್ಮ ಭಾಗದ ಮಾಜಿ ಸೈನಿಕರು ಇಂದಿಗೂ ‘ಥ್ರೀ ನಾಟ್ ಥ್ರೀ’ ಎಂದು ಕರೆಯುವ .303 ರೌಂಡನ್ನು ಬ್ರಿಟಿಷ್ ಸೇನೆ ಸ್ವೀಕರಿಸಿದ್ದು 1888ರಲ್ಲಿ. ಮದ್ದು ತುಂಬಿದ ಅದರ ಹಿತ್ತಾಳೆಯ ಕೇಸಿನ ಬುಡದಲ್ಲಿ ಕೇಸಿಗಿಂತ ಅಗಲವಾದ ಒಂದು ಅಂಚು ಇದೆ. ಒಂದೊಂದೇ ರೌಂಡನ್ನು ಕೈಯಿಂದ ಹಾಕುತ್ತಿದ್ದ ಹಳೆಯ ಬಂದೂಕುಗಳ ಕಾಲದಿಂದ ಉಳಿದುಬಂದ ಈ ಅಂಚು ಅಲ್ಲಿ ಅನುಕೂಲವೇ ಆಗಿತ್ತು; ಹಾರಿದ ಮೇಲೆ ಕೇಸನ್ನು ಹಿಡಿದೆಳೆಯಲು ಅದು ಒಳ್ಳೆಯ ಹಿಡಿ. ಆದರೆ ಮ್ಯಾಗಜಿನ್ನಿನೊಳಗೆ ಅದೇ ತೊಡಕಾಯಿತು. ಮೊದಲು ಹೊರಡಬೇಕಾದ ರೌಂಡಿನ ಅಂಚು ಅದರ ನಂತರದ ಸರದಿಯ ರೌಂಡಿನ ಅಂಚಿಗಿಂತ ಮುಂದೆ ಇರಲೇಬೇಕು. ತುಂಬುವಾಗ ಕೈತಪ್ಪಿ ಹಿಂದುಮುಂದಾದರೆ ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿ ಗನ್ ನಿಂತುಬಿಡುತ್ತದೆ. 30 ರೌಂಡು ತುಂಬಿದರೆ ಸ್ಪ್ರಿಂಗ್ ಪೂರ್ತಿ ಬಿಗಿದು, ಇಂಥ ಸಿಕ್ಕು ಬೀಳುವ ಸಂಭವ ಹೆಚ್ಚುತ್ತಿದ್ದುದರಿಂದ ಎರಡು ರೌಂಡಿನ ಸಡಿಲ ಬಿಡುವುದು ರೂಢಿಯಾಯಿತು. ನಿಮ್ಮ ಅಜ್ಜನ ಉಸ್ತಾದರು ಗದರಿದ್ದರಲ್ಲಿ ಅರ್ಥವಿತ್ತು.

ಬಾಗಿಗೂ ಇದೇ ಕಾರಣ. ಒಂದು ಬದಿ ದಪ್ಪವಾಗಿ ಇನ್ನೊಂದು ಬದಿ ತೆಳುವಾಗಿರುವ ಹೆಂಚುಗಳನ್ನು ಪೇರಿಸಿದರೆ ಸಾಲು ಹೇಗೆ ತಾನಾಗಿ ಒಂದೆಡೆಗೆ ವಾಲುತ್ತದೆಯೋ, ಬುಡ ಅಗಲವಾಗಿ ತುದಿ ಕಿರಿದಾದ .303 ರೌಂಡುಗಳ ಸಾಲೂ ಹಾಗೆಯೇ ಬಾಗುತ್ತದೆ. ಬ್ರೆನ್ ಹುಟ್ಟಿದ್ದು ಚೆಕೊಸ್ಲೊವಾಕಿಯಾದ ಬ್ರನೋ ನಗರದ ಕಾರ್ಖಾನೆಯ ಜ಼ಡ್‌ಬಿ 26 ಎಂಬ ಗನ್ನಿನಿಂದ. ಆ ಮೂಲ ಗನ್ 7.92 ಮಿ.ಮೀ.ನ, ಹೊರಚಾಚಿದ ಅಂಚಿಲ್ಲದ ರೌಂಡನ್ನು ಬಳಸುತ್ತಿತ್ತು. ಅದರ 20 ರೌಂಡಿನ ಮ್ಯಾಗಜಿನ್ ನೆಟ್ಟಗಿತ್ತು. ಬ್ರಿಟಿಷರು ಗನ್ನನ್ನು ಬದಲಿಸಿಕೊಂಡರೇ ಹೊರತು ಕೋಟ್ಯಂತರ ಸಂಖ್ಯೆಯಲ್ಲಿ ದಾಸ್ತಾನಿದ್ದ ರೌಂಡನ್ನು ಬದಲಿಸಲಿಲ್ಲ. ಇದು ಜಿಪುಣತನವೆಂದು ನನಗನ್ನಿಸುವುದಿಲ್ಲ. ಸೆಕ್ಷನ್ನಿನ (ಹತ್ತು ಮಂದಿಯಷ್ಟಿರುವ ಸಣ್ಣ ತುಕಡಿ) ರೈಫಲ್ಲುಗಳೂ ಬ್ರೆನ್ನೂ ಒಂದೇ ರೌಂಡನ್ನು ಹಾರಿಸುತ್ತಿದ್ದುದರಿಂದ, ಗನ್ ಬರಿದಾದಾಗ ಪಕ್ಕದ ಜವಾನನ ಚೀಲದಿಂದಲೇ ಮ್ಯಾಗಜಿನ್ ತುಂಬಬಹುದಾಗಿತ್ತು. 1937ರ ಮಾದರಿಯ ಸೊಂಟಪಟ್ಟಿಯ ಚೀಲಗಳನ್ನು ಬ್ರೆನ್ ಮ್ಯಾಗಜಿನ್ನಿನ ಅಳತೆಗೇ ಹೊಲಿಸಿದ್ದು ಇದಕ್ಕಾಗಿಯೇ.

ಬ್ರೆನ್ನಿಗೆ ಮುಂಚಿನ ಲೂಯಿಸ್ ಗನ್, ಮೊದಲ ಮಹಾಯುದ್ಧದ್ದು, ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಗೆಹರಿಸಿತ್ತು: ತಟ್ಟೆಯಾಕಾರದ ಮ್ಯಾಗಜಿನ್ನಿನಲ್ಲಿ 47 ರೌಂಡುಗಳನ್ನು ಮೂತಿ ನಡುವಿಗೆ ಬರುವಂತೆ ಸುತ್ತಲೂ ಜೋಡಿಸಲಾಗುತ್ತಿತ್ತು. ಭಾರತೀಯ ಸೇನೆ 1933ರಲ್ಲಿ ವಿಕರ್ಸ್-ಬರ್ತಿಯೇ ಎಂಬ ಎಲ್‌ಎಂಜಿಯನ್ನು ಆರಿಸಿಕೊಂಡು ಇಶಾಪುರದಲ್ಲಿ ತಯಾರಿಸಿತು; ಅದರ ಮ್ಯಾಗಜಿನ್ನೂ ಮೇಲ್ಗಡೆಯೇ, ಬಾಗಿದ್ದೇ. ಇವೆಲ್ಲಕ್ಕಿಂತ ವಿಚಿತ್ರವಾದದ್ದು ಇಟಲಿಯ ಬ್ರೆಡಾ 30. 1941ರಲ್ಲಿ ಎರಿಟ್ರಿಯಾದ ಕೆರೆನ್ ಬೆಟ್ಟಗಳಲ್ಲಿ ಮರಾಠಾ ರೆಜಿಮೆಂಟಿನ 3ನೆಯ ಬೆಟಾಲಿಯನ್ ಎದುರಿಸಿದ ಇಟಲಿ ಸೇನೆಯ ಸಾಮಾನ್ಯ ಎಲ್‌ಎಂಜಿ ಅದು. ಕೇಸು ಒಳಗೆ ಅಂಟಿಕೊಳ್ಳಬಾರದೆಂದು ಪ್ರತಿ ರೌಂಡಿಗೂ ಎಣ್ಣೆ ಸವರುವ ಏರ್ಪಾಡು ಆ ಗನ್ನಿನಲ್ಲೇ ಇತ್ತು. ಆಫ್ರಿಕದ ಮರಳು ದೂಳಿನಲ್ಲಿ ಎಣ್ಣೆ ಹಚ್ಚಿದ ರೌಂಡಿನ ಗತಿ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ನಮ್ಮ ಸೇನೆ 7.62 ಮಿ.ಮೀ. ರೌಂಡಿನಿಂದ 5.56ಕ್ಕೆ ಇಳಿದು, ಈಗ ಎಲ್‌ಎಂಜಿಗಾಗಿ ಮತ್ತೆ 7.62ಕ್ಕೆ ಮರಳಿದೆ. ಹಾಗಾದರೆ ನಡುವಿನ ನಿರ್ಧಾರ ತಪ್ಪಾಗಿತ್ತೇ?
– ವಿದ್ಯಾರ್ಥಿ, ಖಾನಾಪುರ

ಉತ್ತರ: ತಪ್ಪೆನ್ನುವುದಕ್ಕೆ ಮೊದಲು ತೂಕ ನೋಡಿ. 7.62×51ರ (ಗುಂಡಿನ ವ್ಯಾಸ × ಕೇಸಿನ ಉದ್ದ, ಮಿ.ಮೀ.ಗಳಲ್ಲಿ) ಒಂದು ರೌಂಡು ಸುಮಾರು 24 ಗ್ರಾಂ, 5.56×45ರದು ಸುಮಾರು 12 ಗ್ರಾಂ. 600 ರೌಂಡು ಹೊರಬೇಕಾದವನಿಗೆ ಮೊದಲನೆಯದರಲ್ಲಿ 14 ಕಿಲೋ ದಾಟಿದರೆ ಎರಡನೆಯದರಲ್ಲಿ 7 ಕಿಲೋ ಚಿಲ್ಲರೆ. ಎಲ್‌ಎಂಜಿಯ ಕೆಲಸ ಶತ್ರುವಿನ ತಲೆ ಮೇಲೇಳದಂತೆ ನೋಡಿಕೊಳ್ಳುವುದಾದ್ದರಿಂದ, ಅದಕ್ಕೆ ಎಷ್ಟು ರೌಂಡು ಹೊತ್ತರೂ ಸಾಲದು.

1954ರಲ್ಲಿ ನೇಟೊ ದೇಶಗಳು 7.62ನ್ನು ಒಪ್ಪಿಕೊಂಡಾಗ ಬ್ರಿಟನ್ .280 ಎಂಬ ಇನ್ನೂ ಹಗುರಾದ ರೌಂಡನ್ನು ಮುಂದಿಟ್ಟಿತ್ತು. ಹಳೆಯ ರೈಫಲ್ ರೌಂಡಿನಷ್ಟೇ ಕಸುವು ಬೇಕೆಂದು ಹಟ ಹಿಡಿದ ಅಮೆರಿಕ ಅದನ್ನು ತಳ್ಳಿಹಾಕಿತು. ಮುಂದಿನ ದಶಕದಲ್ಲಿ ವಿಯೆಟ್ನಾಂ ಕಾಡಿಗೆ 5.56 ಹಿಡಿದು ಇಳಿದದ್ದೂ ಅದೇ ಅಮೆರಿಕ. 1980ರಲ್ಲಿ ಬೆಲ್ಜಿಯಂನ ಎಸ್‌ಎಸ್109 ಎಂಬ 5.56ರ ಸುಧಾರಿತ ರೌಂಡು ನೇಟೊ ಮಾನಕವಾಯಿತು. ನಮ್ಮ ಇನ್ಸಾಸ್ ರೈಫಲ್ಲೂ ಇನ್ಸಾಸ್ ಎಲ್‌ಎಂಜಿಯೂ 5.56 ಆಗಿದ್ದುದು ಆ ಕಾಲದ ಲೆಕ್ಕಾಚಾರಕ್ಕೆ ಸರಿಯಾಗಿಯೇ ಇತ್ತು. ನನ್ನ ಆಕ್ಷೇಪ ರೌಂಡಿನ ಬಗ್ಗೆ ಅಲ್ಲ. 30 ರೌಂಡಿನ ಮ್ಯಾಗಜಿನ್ ಹಾಕಿದ ಎಲ್‌ಎಂಜಿ, ರೌಂಡು ಹಗುರಾದುದರ ಲಾಭವನ್ನು ಅರ್ಧಕ್ಕೇ ಬಿಟ್ಟುಕೊಟ್ಟಿತು ಎಂಬುದರ ಬಗ್ಗೆ.

ಬೆಟ್ಟದ ಗಡಿಗಳಲ್ಲಿ ಒಂದು ದಿಣ್ಣೆಯಿಂದ ಇನ್ನೊಂದಕ್ಕೆ ಗುಂಡು ಹಾರಿಸುವಾಗ ಲೆಕ್ಕ ಬೇರೆಯಾಗುತ್ತದೆ. ದೂರ ಹೋದಂತೆ 5.56ರ ಹಗುರ ಗುಂಡು ಬೇಗ ಕಸುವು ಕಳೆದುಕೊಳ್ಳುತ್ತದೆ. ಕಲ್ಲು, ಮಣ್ಣಿನ ಮರೆಯನ್ನು ಭೇದಿಸುವುದರಲ್ಲಿಯೂ 7.62 ಮುಂದು. 2020ರ ಮಾರ್ಚಿನಲ್ಲಿ ರಕ್ಷಣಾ ಸಚಿವಾಲಯ ಸುಮಾರು 880 ಕೋಟಿ ರೂಪಾಯಿಗೆ 16,479 ನೆಗೆವ್ ಎನ್‌ಜಿ-7 ಎಲ್‌ಎಂಜಿಗಳಿಗಾಗಿ ಇಸ್ರೇಲಿನ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದಕ್ಕೂ ಹಿಂದಿನ ವರ್ಷ ಕೊಳ್ಳಲು ಒಪ್ಪಿದ 72,400 ಸಿಗ್ 716 ರೈಫಲ್ಲುಗಳೂ 7.62×51ರವೇ ಆಗಿರುವುದರಿಂದ, ಅವೆರಡೂ ಇರುವ ತುಕಡಿಯಲ್ಲಿ ರೌಂಡು ಮತ್ತೆ ಒಂದೇ ಆಗುತ್ತದೆ. ಆದರೆ ನೆಗೆವ್ ಬೆಲ್ಟಿನಿಂದ ಉಣ್ಣುವ ಗನ್ ಆದ್ದರಿಂದ ರೈಫಲ್ ಮ್ಯಾಗಜಿನ್ನಿನ ರೌಂಡನ್ನು ಬೆಲ್ಟಿನ ಕೊಂಡಿಗಳಿಗೆ ಸಿಕ್ಕಿಸದೆ ಬಳಸಲಾಗದು, ಮತ್ತು 24 ಗ್ರಾಂನ ಭಾರ ಮರಳಿ ಜವಾನನ ಹೆಗಲೇರಿದೆ.

ಪ್ರಶ್ನೆ: ಜರ್ಮನರ ಎಂಜಿ 42 ನಮ್ಮ ಬ್ರೆನ್ನಿಗಿಂತ ಮೇಲಾಗಿತ್ತೇ?
– ಎನ್‌ಸಿಸಿ ಕೆಡೆಟ್, ಬೆಳಗಾವಿ

ಉತ್ತರ: ವೇಗದಲ್ಲಿ ಹೌದು. ಎಂಜಿ 42 ನಿಮಿಷಕ್ಕೆ ಸುಮಾರು 1,200 ರೌಂಡಿನ ವೇಗದಲ್ಲಿ ಹಾರಿಸುತ್ತಿತ್ತು, ಬ್ರೆನ್ ಸುಮಾರು 500. ಬ್ರೆನ್ನಿನ 28 ರೌಂಡು ಜರ್ಮನ್ ಗನ್ನಿಗೆ ಒಂದೂವರೆ ಸೆಕೆಂಡಿಗೂ ಸಾಲದು. ಆದ್ದರಿಂದಲೇ ಜರ್ಮನ್ ಸೆಕ್ಷನ್ನಿನ ಮಿಕ್ಕವರು ಬೆಲ್ಟು ಹೊರುವುದು, ಕಾದ ಬ್ಯಾರೆಲ್ ಬದಲಿಸುವುದಕ್ಕೆ ಒದಗುವುದು, ಹೀಗೆ ಗನ್ನಿನ ಸುತ್ತಲೇ ದುಡಿಯಬೇಕಾಗಿತ್ತು. ನಮ್ಮಲ್ಲಿ ಬ್ರೆನ್ನು, ಮುನ್ನುಗ್ಗುವ ರೈಫಲ್ ಜವಾನರಿಗೆ ಆಸರೆಯಾಗಿ ನಡೆಯುತ್ತಿತ್ತು. ಎದುರಿನ ಮೆಷಿನ್ ಗನ್ನಿನ ಹೊಡೆತ ಎಂಥದೆಂಬುದಕ್ಕೆ 1944ರ ಜುಲೈ 10ರಂದು ಇಟಲಿಯ ಟೈಬರ್ ಕಣಿವೆಯಲ್ಲಿ ಮರಾಠಾ ರೆಜಿಮೆಂಟಿನ ನಾಯಕ್ ಯಶವಂತ ಘಾಡ್ಗೆಯವರ ಸೆಕ್ಷನ್ನಿಗೆ ಒದಗಿದ ಸ್ಥಿತಿ ಸಾಕ್ಷಿ: ಅವರೊಬ್ಬರನ್ನುಳಿದು ಎಲ್ಲರೂ ಸತ್ತರು ಅಥವಾ ಗಾಯಗೊಂಡರು. ಗ್ರೆನೇಡ್ ಎಸೆದು ಆ ಗನ್ನನ್ನು ಸುಮ್ಮನಾಗಿಸಿದ ಘಾಡ್ಗೆಯವರು, ತಮ್ಮ ಟಾಮಿ ಗನ್ನಿನ ಮ್ಯಾಗಜಿನ್ ಬದಲಿಸಲೂ ಸಮಯ ಸಿಗದೆ, ಅಲ್ಲಿ ಉಳಿದಿದ್ದ ಇಬ್ಬರು ಶತ್ರುಗಳನ್ನು ಬಂದೂಕಿನಿಂದಲೇ ಬಡಿದುಹಾಕಿದರು. ಬಳಿಕ ಮರೆಯಿಂದ ಬಂದ ಗುಂಡಿಗೆ ಬಲಿಯಾದ ಅವರಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಸಂದಿತು.

ಯುದ್ಧಾನಂತರ ಜರ್ಮನರು ಎಂಜಿ 42ನ್ನು 7.62×51ಕ್ಕೆ ಹೊಂದಿಸಿ ಎಂಜಿ 3 ಮಾಡಿದರು. ಬ್ರಿಟಿಷರೂ ಬ್ರೆನ್ನನ್ನು ಅದೇ ರೌಂಡಿಗೆ ಬದಲಿಸಿದರು, ಭಾರತದಲ್ಲಿಯೂ 7.62ರ ಬ್ರೆನ್ ತಯಾರಾಯಿತು. ಅಂಚಿನ ಕಾಟ ತಪ್ಪಿದ್ದರಿಂದ ಈ ಹೊಸ ಬ್ರೆನ್ನಿನ ಮ್ಯಾಗಜಿನ್ ಹೆಚ್ಚುಕಡಿಮೆ ನೆಟ್ಟಗಾಯಿತು.