ಸಿಗ್ನಲ್ ಹೋದರೂ ಮೋಟರ್ ನಿಲ್ಲದಿದ್ದರೆ

ಸಿಗ್ನಲ್ ತಪ್ಪಿದ ಮೇಲೂ ಮೋಟರ್ ತಿರುಗುತ್ತಲೇ ಇದ್ದು, ರಿಮೋಟಿನಲ್ಲಿ ಹಾರಿಸುವ ನಿಮ್ಮ ಪುಟ್ಟ ಮಾದರಿ ವಿಮಾನ ಅಡಿಕೆ ತೋಟಕ್ಕೆ ನುಗ್ಗಿತು ಅಂದಿದ್ದೀರಿ. ಬಹುಶಃ ಫೇಲ್‌ಸೇಫ್, ಅಂದರೆ ಸಿಗ್ನಲ್ ಹೋದಾಗ ವಿಮಾನ ಏನು ಮಾಡಬೇಕು ಅನ್ನೋ ಸೆಟ್ಟಿಂಗ್, ಸೆಟ್ ಆಗಿಲ್ಲ. ವಿಮಾನದೊಳಗಿನ ರಿಸೀವರ್ ಕೊನೆಗೆ ಸಿಕ್ಕ ಥ್ರಾಟಲ್ಲನ್ನೇ (ಮೋಟರ್ ವೇಗದ ಆದೇಶ) ಹಿಡಿದುಕೊಂಡಿದೆ.

ಮೊದಲು ಪ್ರೊಪೆಲ್ಲರ್ ಬಿಚ್ಚಿಡಿ. ಬೆರಳು ಬೇಕಲ್ವಾ? ಆಮೇಲೆ ಥ್ರಾಟಲ್ ಪೂರ್ತಿ ಕೆಳಗಿಟ್ಟು ರಿಸೀವರನ್ನು ಟ್ರಾನ್ಸ್‌ಮಿಟರಿಗೆ (ಕೈಯಲ್ಲಿರುವ ರಿಮೋಟ್) ಮತ್ತೆ ಬೈಂಡ್ ಮಾಡಿ, ಅಂದರೆ ಜೋಡಿಸಿ. ಎಷ್ಟೋ ರಿಸೀವರ್‌ಗಳು ಆಗಿನ ಸ್ಟಿಕ್ ಸ್ಥಾನವನ್ನೇ ಫೇಲ್‌ಸೇಫ್ ಆಗಿ ಉಳಿಸಿಕೊಳ್ಳುತ್ತವೆ. ಕೆಲವಕ್ಕೆ ಟ್ರಾನ್ಸ್‌ಮಿಟರ್ ಮೆನುವಿನಲ್ಲಿ ಕೊಡಬೇಕು. ನಿಮ್ಮದು ಯಾವ ಮಾಡೆಲ್ ಅಂತ ಬರೆದಿಲ್ಲ, ಮ್ಯಾನುಯಲ್ ನೋಡಿ. ಈಗ ಥ್ರಾಟಲ್ ಸ್ವಲ್ಪ ಏರಿಸಿ, ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟರ್ ನಿಲ್ಲಬೇಕು. ನಿಲ್ಲದಿದ್ದರೆ ಹಾರಿಸಲೇಬೇಡಿ.

ಸಿಗ್ನಲ್ ಯಾಕೆ ಹೋಯಿತು ಅಂತ ಇಲ್ಲಿಂದ ಖಚಿತವಾಗಿ ಹೇಳೋಕಾಗಲ್ಲ. ನನ್ನ ಗುಮಾನಿ ತೋಟದ ಮೇಲೇ. 2.4 ಗಿಗಾಹರ್ಟ್ಸ್ ಅಲೆಗೆ ಮಳೆಯಲ್ಲಿ ನೆಂದ ಮರಗಳ ಸಾಲು ಗೋಡೆ ಇದ್ದ ಹಾಗೆ. ವಿಮಾನ ಮರಗಳ ಹಿಂದೆ ಇಳಿಯಲು ಬಿಡಬೇಡಿ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಹೊತ್ತಲ್ಲಂತೂ ಆ ಕಡೆ ತಿರುಗಿಸಲೇಬೇಡಿ, ಮರದ ಮೇಲೆ ಜನ ಇರುತ್ತಾರೆ. ರಿಸೀವರಿನ ಎರಡು ಆಂಟೆನಾ ಒಂದಕ್ಕೊಂದು ಅಡ್ಡಡ್ಡ ಇವೆಯಾ ನೋಡಿ. ಹಾರಿಸುವ ಮುಂಚೆ ಟ್ರಾನ್ಸ್‌ಮಿಟರಿನಲ್ಲಿ ರೇಂಜ್ ಚೆಕ್ ಮೋಡ್ (ಸಿಗ್ನಲ್ ಎಷ್ಟು ದೂರ ಮುಟ್ಟುತ್ತೆ ಅಂತ ನೋಡುವ ಮೋಡ್) ಹಾಕಿ, ಮ್ಯಾನುಯಲ್ ಹೇಳಿದಷ್ಟು ದೂರ ನಡೆದು ಪರೀಕ್ಷಿಸಿ.

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಗಡಿಯಿಂದ 8 ಕಿ.ಮೀ. ಒಳಗಾದರೆ ಹಾರಿಸಲು ಅನುಮತಿ ಬೇಕು. ಎಲ್ಲಿ ಹಾರಿಸಬಹುದು ಅಂತ ಬಣ್ಣಗಳಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ.