ಕಾಸರಗೋಡು: ಪಂಚಾಯತಿಗೆ ಅರ್ಜಿ ಕೊಟ್ಟರೂ ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ಬರುತ್ತಿಲ್ಲ

ಅರ್ಜಿ ಹೋದದ್ದೇ ಬಹುಶಃ ತಪ್ಪು ಕಡೆಗೆ. ಪಂಚಾಯತಿ ಕಟ್ಟಡ ತೆರಿಗೆಯ ಜೊತೆ ರೂಪಾಯಿಗೆ 5 ಪೈಸೆ ಗ್ರಂಥಾಲಯ ಸೆಸ್ ವಸೂಲು ಮಾಡುತ್ತದೆ. ಆದರೆ ನಿಮ್ಮದು ಕೇರಳ ರಾಜ್ಯ ಲೈಬ್ರರಿ ಕೌನ್ಸಿಲಿಗೆ (ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳನ್ನು ನೋಡಿಕೊಳ್ಳುವ ಸಂಸ್ಥೆ) ಸೇರಿದ ಗ್ರಂಥಾಲಯವಾದರೆ ಪುಸ್ತಕ ಆರಿಸುವುದು ಅದರದೇ ಆಡಳಿತ ಸಮಿತಿ. (ಪಂಚಾಯತಿಯೇ ನಡೆಸುವುದಾದರೆ ಮಾತು ಬೇರೆ.)

ಮೊದಲು ಸದಸ್ಯರಾಗಿ. ಆಮೇಲೆ ಹೆಸರು, ಪ್ರಕಾಶಕರು, ಬೆಲೆ ಇರುವ ಪಟ್ಟಿಯನ್ನು ಕಾರ್ಯದರ್ಶಿಗೆ ಕೊಟ್ಟು ನಕಲಿನ ಮೇಲೆ ತಾರೀಕು ಸಹಿತ ಸಹಿ ಹಾಕಿಸಿಕೊಳ್ಳಿ. ‘ಕನ್ನಡ ಪುಸ್ತಕ ತರಿಸಿ’ ಎಂದಷ್ಟೇ ಬರೆದರೆ ಯಾರೂ ಹುಡುಕಿ ತರುವುದಿಲ್ಲ. ಕೌನ್ಸಿಲಿನ ಗ್ರಾಂಟ್ ಬಂದಿಲ್ಲ ಎಂದರೆ ಗ್ರೇಡಿಂಗ್ (ಗ್ರಂಥಾಲಯಕ್ಕೆ ದರ್ಜೆ ಕೊಡುವುದು) ಆಗಿದೆಯೇ ಕೇಳಿ. ಗ್ರೇಡ್ ನೋಡಿಯೇ ಗ್ರಾಂಟ್. ಸಮಿತಿ ಕದಲದಿದ್ದರೆ ಅದೇ ನಕಲು ಲಗತ್ತಿಸಿ ತಾಲೂಕು ಲೈಬ್ರರಿ ಕೌನ್ಸಿಲಿಗೆ, ನಂತರ ಜಿಲ್ಲಾ ಲೈಬ್ರರಿ ಕೌನ್ಸಿಲಿಗೆ ಬರೆಯಿರಿ.