ಬ್ಯಾಂಕ್ ಕೆಲಸ ಬಿಟ್ಟು ಸ್ವತಂತ್ರ ಸಿನಿಮಾ ಪತ್ರಕರ್ತನಾಗಿ ಬದುಕಬಹುದೇ?

ದಾವಣಗೆರೆಯ ಖಾಸಗಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿರುವ ನೀವು ಎರಡು ವಿಷಯ ಕೇಳಿದ್ದೀರಿ. ಯಾವ ಪತ್ರಿಕೆಯ ನೌಕರಿಯೂ ಇಲ್ಲದೆ ಸಿನಿಮಾ ಬಗ್ಗೆ ಬರೆದುಕೊಂಡು ಜೀವನ ಮಾಡಲು ಆಗುತ್ತದೆಯೇ? ಅದಕ್ಕಾಗಿ ಬೆಂಗಳೂರಿಗೆ ಬರಲೇಬೇಕೇ? ನಾನು ದಿನಪತ್ರಿಕೆಯೊಂದರ ಸಿನಿಮಾ ವಿಭಾಗದಿಂದ ಹೊರಬಂದ ಮೇಲೆ ಈ ಕಸುಬಿನಿಂದಲೇ ಮನೆ ನಡೆಸುತ್ತಿದ್ದೇನೆ. ಆಗುತ್ತದೆ. ಆದರೆ ದೊಡ್ಡ ನಟರ ಸಂದರ್ಶನ ಮಾಡಿ ಹೆಸರು ಗಳಿಸುತ್ತೇನೆ ಎಂದು ಬರೆದಿದ್ದೀರಲ್ಲ, ಆ ದಾರಿಯಲ್ಲಿ ಆಗುವುದಿಲ್ಲ.

ಕಾರಣ ಹೇಳುತ್ತೇನೆ. ಕನ್ನಡ ಚಿತ್ರೋದ್ಯಮದ ನೆಲೆಯಾದ ಬೆಂಗಳೂರಿನ ಗಾಂಧಿನಗರದಲ್ಲಿ ಒಂದು ಚಿತ್ರಕ್ಕೆ ಮುಹೂರ್ತ, ಟೀಸರ್, ಹಾಡು, ಟ್ರೇಲರ್, ಕೊನೆಗೆ ಯಶಸ್ಸಿನ ಸಂಭ್ರಮ ಎಂದು ಸಾಲು ಸಾಲು ಪತ್ರಿಕಾಗೋಷ್ಠಿಗಳು ನಡೆಯುತ್ತವೆ. ನಾಯಕನಟ ವೇದಿಕೆಯಲ್ಲಿ ಆಡಿದ ಮಾತು ಊಟ ಮುಗಿಯುವ ಮೊದಲೇ ಯೂಟ್ಯೂಬ್‌ನಲ್ಲಿರುತ್ತದೆ. ಸಂಜೆಯ ಹೊತ್ತಿಗೆ ಚಿತ್ರದ ಪ್ರಚಾರ ನೋಡಿಕೊಳ್ಳುವ ಪಿಆರ್‌ಒ ಕಳಿಸಿದ ಬರಹವೂ ಫೋಟೊಗಳೂ ಎಲ್ಲ ಪತ್ರಿಕೆಗಳ ಸಿನಿಮಾ ಪುಟದವರ ವಾಟ್ಸ್‌ಆ್ಯಪ್‌ಗೆ ತಲುಪಿರುತ್ತವೆ. ಪುಕ್ಕಟೆಯಾಗಿ ಬಂದು ಬಿದ್ದಿರುವ ಸರಕಿಗೆ ಹೊರಗಿನವರಾದ ನಮಗೆ ಯಾವ ಸಂಪಾದಕರು ದುಡ್ಡು ಕೊಡುತ್ತಾರೆ? ನಮ್ಮಿಂದ ಅವರು ಕೊಳ್ಳುವುದು ತಮ್ಮ ವರದಿಗಾರರಿಗೆ ಹೋಗಿ ಮಾಡಲು ಪುರುಸೊತ್ತಿಲ್ಲದ ಬರಹವನ್ನು ಮಾತ್ರ.

ಗಾಂಧಿನಗರದ ಕಪಾಲಿ ಚಿತ್ರಮಂದಿರ 2017ರಲ್ಲಿ ಬಾಗಿಲು ಹಾಕಿದಾಗ ಅದರ ವೈಭವದ ದಿನಗಳ ಬಗ್ಗೆ ಎಲ್ಲರೂ ಬರೆದರು. ನಾನು ಇನ್ನೊಂದು ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಗೆ ಹೋಗಿ, ಅಲ್ಲಿನ ಹಿರಿಯ ಆಪರೇಟರ್ ಜೊತೆ ಕುಳಿತೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡು ಸಾವಿರ ಅಡಿಯ ರೀಲು ಇಪ್ಪತ್ತೆರಡು ನಿಮಿಷದಲ್ಲಿ ಮುಗಿಯುತ್ತದೆ. ಮುಗಿಯುವ ಮುನ್ನ ಪರದೆಯ ಬಲಭಾಗದ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಮರೆಯಾಗುತ್ತದೆ. ಅದು ಕಂಡ ಕೂಡಲೇ ಮುಂದಿನ ರೀಲು ಹಾಕಿಟ್ಟ ಎರಡನೆಯ ಪ್ರೊಜೆಕ್ಟರ್ ಚಾಲೂ ಮಾಡಬೇಕು. ಏಳೆಂಟು ಸೆಕೆಂಡಿನಲ್ಲಿ ಇನ್ನೊಂದು ಚುಕ್ಕೆ. ಆಗ ಚಿತ್ರ ಈ ಯಂತ್ರದಿಂದ ಆ ಯಂತ್ರಕ್ಕೆ ದಾಟಬೇಕು, ಕೆಳಗೆ ಕುಳಿತವರಿಗೆ ಗೊತ್ತೇ ಆಗಬಾರದು. ಹೊಸ ಚಿತ್ರ ಬಂದ ಮೊದಲ ದಿನಗಳಲ್ಲಿ ಕಥೆ ಏನೆಂದು ತಮಗೆ ತಿಳಿಯುತ್ತಲೇ ಇರಲಿಲ್ಲ, ಕಣ್ಣೆಲ್ಲ ಆ ಮೂಲೆಯಲ್ಲೇ ಇರುತ್ತಿತ್ತು ಎಂದರು ಅವರು. ಡಿಜಿಟಲ್ ಸರ್ವರ್ ಬಂದ ಮೇಲೆ ಕೋಣೆಯಲ್ಲಿ ಅವರಿಗೆ ಉಳಿದದ್ದು ಗುಂಡಿ ಒತ್ತುವ ಕೆಲಸ. ಆ ಲೇಖನವನ್ನು ಒಂದು ವಾರಪತ್ರಿಕೆ ಕೇಳಿದ ತಕ್ಷಣ ಒಪ್ಪಿಕೊಂಡಿತು. ಮುಂದೆ ಅದನ್ನೇ ಹಿಗ್ಗಿಸಿ ಇಂಗ್ಲಿಷ್‌ನಲ್ಲಿ ಬರೆದುಕೊಟ್ಟೆ, ಬೇರೊಬ್ಬರಿಂದ ಮತ್ತೆ ಸಂಭಾವನೆ ಬಂತು.

ಹಾಗೆ ಎರಡನೆಯ ಬಾರಿ ಮಾರಲು ಸಾಧ್ಯವಾದದ್ದು ಕಾನೂನಿನ ಬಲದಿಂದ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರನಲ್ಲದ ಲೇಖಕನ ಬರಹಕ್ಕೆ ಮೊದಲ ಹಕ್ಕುದಾರ ಲೇಖಕನೇ. ಬರವಣಿಗೆಯಲ್ಲಿ ಸಹಿ ಹಾಕಿಕೊಡದ ಹೊರತು ಆ ಹಕ್ಕು ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ. ಸಹಿ ಹಾಕಿಯೂ ಅವಧಿ ನಮೂದಿಸಿಲ್ಲದಿದ್ದರೆ ಐದು ವರ್ಷ, ಪ್ರದೇಶ ನಮೂದಿಸಿಲ್ಲದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆಯೇ ಹೇಳುತ್ತದೆ. ಕೆಲವು ಜಾಲತಾಣಗಳು ಕಳಿಸುವ ಒಪ್ಪಂದದಲ್ಲಿ ಎಲ್ಲ ಹಕ್ಕೂ ಶಾಶ್ವತವಾಗಿ ತಮ್ಮದು ಎಂಬ ಸಾಲು ಇರುತ್ತದೆ. ಅದನ್ನು ಹೊಡೆದುಹಾಕಿ ವಾಪಸ್ ಕಳಿಸಿ. ಹೆಚ್ಚಿನವರು ಒಪ್ಪುತ್ತಾರೆ.

ಈಗ ನಿಮ್ಮ ಬ್ಯಾಂಕಿನ ಅನುಭವಕ್ಕೆ ಬರುತ್ತೇನೆ. ಅದನ್ನು ಹಿಂದೆ ಬಿಟ್ಟು ಬರುವ ಸಾಮಾನು ಎಂದು ನೀವು ತಿಳಿದಿದ್ದೀರಿ. ನನಗೆ ಕಾಣುವಂತೆ ನಿಮ್ಮ ದೊಡ್ಡ ಬಂಡವಾಳವೇ ಅದು. ಕನ್ನಡ ಚಿತ್ರರಂಗದ ದುಡ್ಡಿನ ವ್ಯವಹಾರ ಬಲ್ಲ ವರದಿಗಾರರು ತೀರಾ ಕಡಿಮೆ. ಪೋಸ್ಟರ್ ಮೇಲೆ ‘ನೂರು ಕೋಟಿ’ ಎಂದು ಬಂದರೆ ಅದನ್ನೇ ತಲೆಬರಹ ಮಾಡುತ್ತೇವೆ. 236 ರೂಪಾಯಿಯ ಒಂದು ಟಿಕೆಟ್ ತೆಗೆದುಕೊಳ್ಳಿ. ಅದರಲ್ಲಿ ಶೇ 18ರ ಜಿಎಸ್‌ಟಿ 36 ರೂಪಾಯಿ. ಉಳಿದ 200 ರೂಪಾಯಿಯಲ್ಲಿ, ಮಲ್ಟಿಪ್ಲೆಕ್ಸ್ ಆದರೆ ಮೊದಲ ವಾರ ಸಾಮಾನ್ಯವಾಗಿ ಅರ್ಧದಷ್ಟು ಪ್ರದರ್ಶಕರಿಗೆ, ಅಂದರೆ ಚಿತ್ರಮಂದಿರದವರಿಗೆ ಹೋಗುತ್ತದೆ. ವಿತರಕರಿಗೆ ಬರುವ ಮಿಕ್ಕ ಭಾಗವೇ ‘ಶೇರ್’. ಅದರಲ್ಲೂ ವಿತರಕರ ಕಮಿಷನ್, ಪ್ರಚಾರದ ಖರ್ಚು ಕಳೆದು ನಿರ್ಮಾಪಕರ ಕೈಗೆ ಎಷ್ಟು ಬಂತು ಎನ್ನುವುದು ಬೇರೆಯೇ ಲೆಕ್ಕ. ನಮ್ಮ ಅನೇಕ ಏಕಪರದೆ ಚಿತ್ರಮಂದಿರಗಳು ಪಾಲಿನ ಬದಲು ವಾರದ ಬಾಡಿಗೆ ಪದ್ಧತಿಯಲ್ಲಿ ನಡೆದುಬಂದಿವೆ. ಜನ ಬಾರದಿದ್ದರೂ ಅಲ್ಲಿ ನಿರ್ಮಾಪಕ ಬಾಡಿಗೆ ಕಟ್ಟಬೇಕು. ಹೀಗಾಗಿ ನೂರು ಕೋಟಿ ಎಂದವರನ್ನು ಮೊದಲು ಕೇಳಬೇಕಾದ್ದು ಅದು ಗ್ರಾಸೋ (ತೆರಿಗೆ ಸೇರಿದ ಒಟ್ಟು ಗಳಿಕೆ), ನೆಟ್ಟೋ (ತೆರಿಗೆ ಕಳೆದದ್ದು), ಶೇರೋ ಎಂದು. ಚಿತ್ರಕ್ಕೆ ಸಾಲ ಕೊಟ್ಟ ಫೈನಾನ್ಷಿಯರ್ ಬಡ್ಡಿ ಹೇಗೆ ಹಾಕುತ್ತಾರೆ, ಬಿಡುಗಡೆಯ ಹಿಂದಿನ ರಾತ್ರಿ ಅವರು ‘ಕ್ಲಿಯರೆನ್ಸ್’, ಅಂದರೆ ಬಿಡುಗಡೆಗೆ ಒಪ್ಪಿಗೆ ಕೊಡದಿದ್ದರೆ ಬೆಳಗಿನ ಆಟ ಏಕೆ ರದ್ದಾಗುತ್ತದೆ ಎಂಬುದನ್ನು ನಿಮ್ಮಂಥವರು ಬರೆದರೆ ಓದಲು ಜನ ಇದ್ದಾರೆ. ನಾನಂತೂ ಕಾದು ಕುಳಿತು ಓದುತ್ತೇನೆ.

ಇನ್ನೊಂದು ಕೆಲಸವನ್ನು ಇಂದಿನಿಂದಲೇ ಶುರು ಮಾಡಿ: ಹಿರಿಯ ಕಲಾವಿದರ ಬಗ್ಗೆ ಟಿಪ್ಪಣಿ ಇಡುವುದು. 2025ರ ಜುಲೈ 14ರಂದು ಬಿ. ಸರೋಜಾದೇವಿ ತೀರಿಕೊಂಡಾಗ ಹೊರರಾಜ್ಯದ ಸಂಪಾದಕರೊಬ್ಬರು ನನಗೆ ಫೋನ್ ಮಾಡಿ ತುರ್ತಾಗಿ ಲೇಖನ ಕೇಳಿದರು. ಅವರಿಗೆ ಸರೋಜಾದೇವಿ ಎಂದರೆ ತಮಿಳಿನ ತಾರೆ. ಅವರ ಮೊದಲ ಚಿತ್ರ 1955ರ ‘ಮಹಾಕವಿ ಕಾಳಿದಾಸ’, ಹೊನ್ನಪ್ಪ ಭಾಗವತರು ಅವರನ್ನು ಕನ್ನಡದಿಂದಲೇ ಚಿತ್ರರಂಗಕ್ಕೆ ತಂದರು ಎಂಬಲ್ಲಿಂದ ನಾನು ಬರೆಯಲು ಶುರು ಮಾಡಿದೆ. ಟಿಪ್ಪಣಿ ಸಿದ್ಧವಿದ್ದುದರಿಂದ ಅಂತರ್ಜಾಲದ ಅರೆಬರೆ ಮಾಹಿತಿಗೆ ಕೈ ಹಾಕಬೇಕಾಗಲಿಲ್ಲ. ನಮ್ಮ ಕಲಾವಿದರನ್ನು ಹೊರಗಿನವರ ಅರೆಜ್ಞಾನದಲ್ಲಿ ಬೀಳ್ಕೊಡುವುದು ನನಗೆ ಸಹಿಸಲಾಗದ ಸಂಗತಿ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಕನ್ನಡ ಪತ್ರಿಕೆಗಳ ಸಂಭಾವನೆ ಒಂದನ್ನೇ ನಂಬಿದರೆ ಬೆಂಗಳೂರಿನ ಬಾಡಿಗೆ ಹುಟ್ಟುವುದಿಲ್ಲ. ಅದೂ ಲೇಖನ ಅಚ್ಚಾಗಿ ತಿಂಗಳುಗಳ ಮೇಲೆ ಬರುವುದುಂಟು. 2018ರಲ್ಲಿ ‘ಕೆಜಿಎಫ್’, 2022ರಲ್ಲಿ ಅದರ ಎರಡನೆಯ ಭಾಗ ಮತ್ತು ‘ಕಾಂತಾರ’ ಬಂದ ಮೇಲೆ ಹೊರಗಿನ ಜಾಲತಾಣಗಳು ಕನ್ನಡ ಚಿತ್ರರಂಗ ಬಲ್ಲವರನ್ನು ಹುಡುಕತೊಡಗಿದವು. ನನ್ನ ಆದಾಯದ ದೊಡ್ಡ ಪಾಲು ಈಗ ಅಲ್ಲಿಂದಲೇ ಬರುತ್ತದೆ. ಜೊತೆಗೆ ಸಬ್‌ಟೈಟಲ್ ಅನುವಾದವನ್ನೂ ಮಾಡುತ್ತೇನೆ. ಒಂದು ವರ್ಷದ ಮನೆಖರ್ಚು ಕೈಯಲ್ಲಿಲ್ಲದೆ ನೌಕರಿಗೆ ರಾಜೀನಾಮೆ ಕೊಡಬೇಡಿ. ಸಂಭಾವನೆಯಲ್ಲಿ ಮೊದಲೇ ಮುರಿದುಕೊಳ್ಳುವ ಶೇ 10ರ ತೆರಿಗೆ (ಟಿಡಿಎಸ್), ರಿಟರ್ನ್, ರೀಫಂಡ್ ಇವನ್ನೆಲ್ಲ ನಿಮಗೆ ಹೇಳಿಕೊಡಬೇಕಾಗಿಲ್ಲ.

ಕೈ ಬಿಗಿಯಾದ ತಿಂಗಳಲ್ಲಿ ಎದುರಾಗುವ ಆಮಿಷವೊಂದಿದೆ. ಕೆಲವು ಗೋಷ್ಠಿಗಳ ಕೊನೆಯಲ್ಲಿ ಹಣವಿಟ್ಟ ‘ಕವರ್’ ಹಂಚುತ್ತಾರೆ, ಚಿತ್ರತಂಡದ ಕೆಲವರು ವಿಮರ್ಶೆಯಲ್ಲಿ ಹೆಚ್ಚು ಸ್ಟಾರ್ ಕೊಡಲು ಎಷ್ಟು ದುಡ್ಡು ಬೇಕು ಎಂದು ಕೇಳುತ್ತಾರೆ. ತೆಗೆದುಕೊಳ್ಳಬೇಡಿ, ಒಂದು ಸಲವೂ ಬೇಡ. ಚಿತ್ರದ ಪ್ರಚಾರಕ್ಕೆ ಬರೆದುಕೊಟ್ಟರೆ ಅದೇ ಚಿತ್ರದ ವಿಮರ್ಶೆ ಬರೆಯಬೇಡಿ. ಕುಟುಂಬ ಸಮೇತ ಚಿತ್ರಮಂದಿರಕ್ಕೆ ಹೋಗಲು ಸಾವಿರ ರೂಪಾಯಿಯ ಮೇಲೆ ಖರ್ಚು ಮಾಡುವ ಓದುಗರು ನಮ್ಮ ಮಾತು ನಂಬಿ ಹೋಗುತ್ತಾರೆ. ಅವರಿಗೆ ಮೋಸ ಮಾಡಿ ಗಳಿಸುವ ಹಣ ನನಗೆ ಕಳ್ಳತನದಂತೆಯೇ ಕಾಣುತ್ತದೆ. ನಿಷ್ಠುರವಾಗಿ ಬರೆದ ಕಾರಣಕ್ಕೆ ಒಮ್ಮೆ ಒಂದು ನಿರ್ಮಾಣ ಸಂಸ್ಥೆ ನನ್ನನ್ನು ಆಹ್ವಾನಿತರ ಪಟ್ಟಿಯಿಂದ ತೆಗೆಯಿತು. ಶುಕ್ರವಾರದ ಮೊದಲ ಆಟಕ್ಕೆ ಟಿಕೆಟ್ ಕೊಂಡು ನೋಡಿ ಬರೆದೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಬೆಂಗಳೂರಿಗೆ ಈಗಲೇ ಬರುವ ಅಗತ್ಯವಿಲ್ಲ. ನೀವಿರುವುದು ರಂಗನಟಿ ಚಿಂದೋಡಿ ಲೀಲಾ ಅವರ ಊರಿನಲ್ಲಿ. ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ನಾಡೆಲ್ಲ ಸುತ್ತಿದೆ. ವೃತ್ತಿ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದ, ಹಾರ್ಮೋನಿಯಂ ನುಡಿಸಿದ, ಪರದೆ ಬರೆದ ಹಿರಿಯರು ನಿಮ್ಮ ಸುತ್ತಮುತ್ತ ಇರುತ್ತಾರೆ. ಮುಂದಿನ ಭಾನುವಾರ ಅಂಥ ಒಬ್ಬರ ಮನೆಗೆ ಹೋಗಿ. ಬೆಂಗಳೂರಿನ ಯಾವ ವರದಿಗಾರರಿಗೂ ದಾವಣಗೆರೆಗೆ ಬಂದು ಅವರನ್ನು ಮಾತನಾಡಿಸಲು ರಜೆ ಸಿಗುವುದಿಲ್ಲ. ಬರೆದಾದ ಮೇಲೆ, ಲೇಖನ ಯಾರ ಬಗ್ಗೆ, ಅವರು ಹೇಳಿದ್ದರಲ್ಲಿ ಹೊಸತೇನು, ಎಷ್ಟು ಪದ, ಫೋಟೊ ಇದೆಯೇ ಎಂದು ನಾಲ್ಕು ಸಾಲಿನ ಇಮೇಲ್ ಬರೆದು ಸಾಪ್ತಾಹಿಕ ಪುರವಣಿಯ ಸಂಪಾದಕರಿಗೆ ಸೋಮವಾರ ಅಥವಾ ಮಂಗಳವಾರ ಕಳಿಸಿ. ಗುರುವಾರ ಬೇಡ, ಆಗ ಅವರು ಪುಟ ಮುಗಿಸುವ ಗಡಿಬಿಡಿಯಲ್ಲಿರುತ್ತಾರೆ.